ರಟ್ಟೆಯ ತಪ್ಪೋ, ರಾಟೆಯ ತಪ್ಪೋ?

ಕಳೆದ ಬೇಸಗೆಯ ಒಂದು ಸಂಜೆ ತರೀಕೆರೆಯ ಮನೆಯ ಜಗಲಿಯಲ್ಲಿ ಕುಳಿತು ಮಾವ ತಮ್ಮ ಗಾಳದ ಕೋಲನ್ನು ಒರಸುತ್ತಿದ್ದರು. ಒರಸಿ, ಎರಡು ತುಂಡಾಗಿ ಬಿಚ್ಚಿ, ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ, ದಾರದ ರಾಟೆಯನ್ನು ಬೇರೊಂದು ಚೀಲದಲ್ಲಿರಿಸಿ, ಎಲ್ಲವನ್ನೂ ತಂದು ನನ್ನ ತೊಡೆಯ ಮೇಲಿಟ್ಟರು.

“ಇದನ್ನು ನೀನು ಇಟ್ಟುಕೊಂಡಿರು. ನನ್ನ ರಟ್ಟೆಯ ಕಾಲ ಮುಗಿಯಿತು” ಎಂದರು.

ಒಳಗಿದ್ದ ಅತ್ತೆ ಏನೂ ಮಾತನಾಡಲಿಲ್ಲ. ಮಾವನ ಮೀನಿನ ಹುಚ್ಚನ್ನು ಕುರಿತು ನಲವತ್ತು ವರ್ಷ ಬಿಡದೆ ಮಾತನಾಡಿದ ಅತ್ತೆ ಅಂದು ಸುಮ್ಮನಿದ್ದುದೇ ನನಗೆ ಹೆಚ್ಚಿನ ಕಳವಳವನ್ನು ಉಂಟುಮಾಡಿತು.

ಮಾವ ಎಂದರೆ ನನ್ನ ಸೋದರಮಾವ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು. ಬೀರೂರು ಜಂಕ್ಷನ್ನಿನಲ್ಲಿ ಹಳಿಗಳು ಕವಲೊಡೆದು ಒಂದು ದಾರಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಹೋಗುವುದನ್ನು ಓದುಗರು ಬಲ್ಲರು. ಈ ಎರಡು ಕವಲುಗಳ ಆಸುಪಾಸಿನ ಕೆರೆಗಳೆಲ್ಲ ಮಾವನಿಗೆ ನಿಲ್ದಾಣಗಳ ಹೆಸರಿನಷ್ಟೇ ಕಂಠಪಾಠ. ರಜೆ ಬಂದರೆ ಕೋಲು ಹೆಗಲೇರುತ್ತಿತ್ತು. ಮನೆಗೆ ಮೀನು ಬಂದ ದಿನಗಳಿಗಿಂತ ಬಾರದ ದಿನಗಳೇ ಹೆಚ್ಚೆಂಬುದು ಅತ್ತೆಯ ಲೆಕ್ಕ. ಆದರೆ ಮಾವನ ಎಸೆತವನ್ನು ಮಾತ್ರ ಅತ್ತೆಯೂ ಒಪ್ಪುತ್ತಿದ್ದರು. ದಂಡೆಯಲ್ಲಿ ನಿಂತು ಅವರು ಕೋಲು ಬೀಸಿದರೆ ತಗಡಿನ ಚಮಚದಂಥ ಆ ಹುಸಿಮೀನು ಬಿಸಿಲಿನಲ್ಲಿ ಒಮ್ಮೆ ಮಿಂಚಿ, ಐವತ್ತು ಹೆಜ್ಜೆಯಾಚೆ ನೀರಿನಲ್ಲಿ ‘ಚುಳಕ್’ ಎಂದು ಬೀಳುವುದನ್ನು ನಾನು ಚಿಕ್ಕಂದಿನಲ್ಲಿ ಎಷ್ಟು ಸಲ ಕಂಡಿಲ್ಲ!

ಈಗ ಆದುದಿಷ್ಟು. ಹಿಂದಿನ ಭಾನುವಾರ ಮಾವ ಅಯ್ಯನಕೆರೆಗೆ ಹೋಗಿದ್ದರು. ಸಖರಾಯಪಟ್ಟಣದ ಬಳಿ ಶಕುನಗಿರಿಯ ಮಗ್ಗುಲಲ್ಲಿರುವ ಈ ಕೆರೆ ನಮ್ಮ ಸೀಮೆಯ ದೊಡ್ಡ ಕೆರೆಗಳಲ್ಲೊಂದು. ಇದರ ಕಡೆಯಿಂದ ಹರಿದುಬರುವ ವೇದಾ, ಮದಗದಕೆರೆಯ ಕಡೆಯಿಂದ ಬರುವ ಆವತಿ ಎರಡೂ ಕಡೂರಿನ ಹತ್ತಿರ ಕೂಡಿಯೇ ವೇದಾವತಿಯಾಗುವುದು. ಬೇಸಗೆಯಾದ್ದರಿಂದ ನೀರು ಹಿಂದೆ ಸರಿದು ದಡದಲ್ಲಿ ಕೆಸರು ಬಿರಿದಿತ್ತು. ಆಚೆ ಆಳದ ಅಂಚಿನಲ್ಲಿ ಬಾಳೆಮೀನು ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಬಂದು ನೀರನ್ನು ಸಿಡಿಸುತ್ತಿತ್ತು. ಮಾವ ಎಸೆದರು, ಅರ್ಧ ದಾರಿಗೂ ಹೋಗಲಿಲ್ಲ. ಮತ್ತೆ ಎಸೆದರು; ಮತ್ತೆ ಅಲ್ಲಿಯೇ ಬಿತ್ತು. ಇಡೀ ಬೆಳಗು ಹೀಗೆಯೇ ಕಳೆಯಿತು. ಕೊನೆಗೆ ದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು, “ತಾತಾ, ನಾನು ಎಸೆದುಕೊಡಲಾ?” ಎಂದನಂತೆ. ಹುಡುಗ ನಕ್ಕಿದ್ದರೆ ಮಾವ ಬೈದು ಮರೆಯುತ್ತಿದ್ದರು. ಅವನು ಮರುಕಗೊಂಡು ಕೇಳಿದ್ದರಿಂದಲೇ ಕೋಲು ಪಂಚೆಯ ಚೂರಿನೊಳಗೆ ಸೇರಿತು.

ಮೂವತ್ತಾರರ ರಟ್ಟೆ

ನಾನು ಕೋಲನ್ನು ಕಡೂರಿಗೆ ತಂದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೆ ಗಾಳದ ಕೋಲೇಕೆ ಎಂದು ನೆರೆಯವರು ಕೇಳದೆ ಬಿಡಲಿಲ್ಲ. ಅವರಿಗೆ ನಾನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ತೋರಿಸಿ ಪಾರಾದೆ. ಹನ್ನೆರಡನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವೇ ಉಂಟು. ಯಾವ ಮೀನಿಗೆ ಯಾವ ಆಹಾರ, ಗಾಳ ಹೇಗಿರಬೇಕು ಎಂಬುದನ್ನು ಆ ದೊರೆ ಬಹು ಶ್ರದ್ಧೆಯಿಂದ ವಿವರಿಸಿದ್ದಾನೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿಯೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರೂ ಗಾಳದ ಮೋಹಕ್ಕೆ ಬಿದ್ದವರು. ಅರಸನಿಗೂ ಸಾಹಿತಿಗೂ ಸಲ್ಲುವ ವಿನೋದ ಅಧ್ಯಾಪಕನಿಗೆ ಸಲ್ಲಬಾರದೇಕೆ?

ನಿಜ ಹೇಳುವುದಾದರೆ, ಅಂದು ನನ್ನ ಮನಸ್ಸಿನಲ್ಲಿದ್ದುದು ವಿನೋದವಲ್ಲ. ಎಪ್ಪತ್ತೊಂದರ ರಟ್ಟೆ ಎಸೆಯಲಾರದುದನ್ನು ಮೂವತ್ತಾರರ ರಟ್ಟೆ ಎಷ್ಟು ದೂರ ಎಸೆದೀತು, ನೋಡೋಣವೆಂಬ ಕುತೂಹಲ. ಅದರಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಅಜ್ಜಂಪುರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಹೊಲವಿದೆ. ಈರುಳ್ಳಿ ಕಿತ್ತು ತಿಂಗಳುಗಳಾಗಿ ಬಯಲಾಗಿ ಬಿದ್ದಿದ್ದ ಭೂಮಿ. ಅಮೃತಮಹಲ್ ತಳಿಯ ದನಗಳಿಗೆ ಹೆಸರಾದ ಆ ಊರಿನ ಸುತ್ತ ನೋಟಕ್ಕೆ ತಡೆಯಿಲ್ಲದ ಬಯಲು. ಎಸೆತವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸ್ಥಳ ಬೇಕೆ? ನೀರಿನಲ್ಲಿ ದೂರ ತಿಳಿಯುವುದಿಲ್ಲ. ನೆಲದ ಮೇಲಾದರೆ ಹೆಜ್ಜೆ ಹಾಕಿ ಎಣಿಸಬಹುದು. ಮುಳ್ಳುಗಾಳವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಅಷ್ಟೇ ತೂಕದ ಸೀಸದ ಗುಂಡನ್ನು ಕಟ್ಟಿದೆ. ಹೀಗೆ ಅಭ್ಯಾಸ ಮಾಡುವವರು ಮುಳ್ಳನ್ನು ತೆಗೆಯುವುದನ್ನು ಎಂದಿಗೂ ಮರೆಯಬಾರದು. ಎದುರಿಗೂ ಹಿಂದೆಯೂ ಯಾರೂ ಇರಕೂಡದು. ಸೀಸದ ಗುಂಡು ಕವಣೆಯ ಕಲ್ಲಿಗಿಂತ ಕಡಮೆಯದಲ್ಲ.

ಬದುವಿನ ಮೇಲೆ ಹೋಗುತ್ತಿದ್ದ ರೈತರೊಬ್ಬರು ನಿಂತು ನೋಡಿ, “ಮೇಷ್ಟ್ರೇ, ಈರುಳ್ಳಿ ಹೊಲದಲ್ಲಿ ಯಾವ ಮೀನು ಬೀಳುತ್ತೆ?” ಎಂದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹತ್ತು ಸಲ ಎಸೆದು ಹತ್ತು ಸಲವೂ ಹೆಜ್ಜೆಯಿಂದ ಅಳೆದಿದ್ದೆ. ಅತಿ ದೂರದ್ದು ಇಪ್ಪತ್ತನಾಲ್ಕು ಹೆಜ್ಜೆ. ಹೆಚ್ಚು ಬಲ ಹಾಕಿದಂತೆಲ್ಲ ದೂರ ಇಪ್ಪತ್ತೆರಡಕ್ಕೆ, ಇಪ್ಪತ್ತಕ್ಕೆ ಇಳಿಯುತ್ತಿತ್ತು. ಭುಜ ನೋಯತೊಡಗಿತು.

ನನ್ನ ಜಂಬ ಮುರಿದುದು ನಿಜ. ಆದರೆ ಅದರ ಹಿಂದೆಯೇ ಒಂದು ಸಂತೋಷವೂ ಮೂಡಿತು. ನಾನು ಎಸೆದರೂ ಹೋಗದಿದ್ದರೆ, ಮಾವನ ರಟ್ಟೆಯ ಮೇಲಿನ ಆರೋಪ ಬಿದ್ದುಹೋದಂತಾಯಿತಲ್ಲವೆ? ತಪ್ಪು ಬೇರೆಲ್ಲಿಯೋ ಇರಬೇಕು.

ಹೊಲಿಗೆಯ ದಾರ ಹೇಳಿದ ಗುಟ್ಟು

ಮನೆಗೆ ಬಂದು ಕೋಲು, ರಾಟೆಗಳನ್ನು ನಡುಮನೆಯಲ್ಲಿ ಹರಡಿಕೊಂಡು ಕುಳಿತೆ. ನನ್ನ ಮನೆಯಾಕೆ ಹೊಲಿಗೆಯ ಯಂತ್ರದ ಮುಂದಿದ್ದಳು. ಒಮ್ಮೆ ಇತ್ತ ತಿರುಗಿ ನೋಡಿ, “ಇದರಲ್ಲಿ ದಾರವೇ ಇಲ್ಲವಲ್ಲರೀ!” ಎಂದಳು.

“ಇದೆ, ನೂರು ಗಜದ ಹತ್ತಿರ ಇರಬೇಕು. ಎಸೆಯುವುದು ಐವತ್ತು ಹೆಜ್ಜೆ ತಾನೆ? ಅಷ್ಟು ಸಾಲದೆ?” ಎಂದೆ.

“ಸಾಲುವುದು ಬೇರೆ, ಸರಾಗವಾಗಿ ಬರುವುದು ಬೇರೆ. ಮುಗಿಯುತ್ತ ಬಂದ ದಾರದ ಉಂಡೆ ಅಂಚಿಗೆ ತಗಲಿ ಜಗ್ಗುತ್ತದೆ. ನೀವೇ ಎಳೆದು ನೋಡಿ” ಎಂದು ಎರಡು ಉಂಡೆಗಳನ್ನು ನನ್ನ ಮುಂದಿಟ್ಟಳು, ಒಂದು ಹೊಸದು, ಇನ್ನೊಂದು ಮುಗಿಯುತ್ತ ಬಂದದ್ದು.

ಓದುಗರೂ ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ಉಂಡೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ದಾರವನ್ನು ಮೇಲ್ಮುಖವಾಗಿ ಎಳೆಯಿರಿ. ತುಂಬಿದ ಉಂಡೆಯಿಂದ ಸುರುಳಿ ಸುರುಳಿಯಾಗಿ ದಾರ ತಾನಾಗಿ ಕಳಚಿಕೊಳ್ಳುತ್ತದೆ, ಉಂಡೆ ಅಲುಗುವುದಿಲ್ಲ. ಬರಿದಾದ ಉಂಡೆಯಲ್ಲಿ ದಾರ ತಗ್ಗಿನಿಂದ ಮೇಲೇರಿ, ಅಂಚನ್ನು ತೀಡಿ ಹೊರಗೆ ಬರಬೇಕು. ಉಂಡೆಯೇ ಮಗುಚಿಬಿದ್ದರೂ ಆಶ್ಚರ್ಯವಿಲ್ಲ.

ಮಾವನ ರಾಟೆ ಕೆಲಸ ಮಾಡುವುದೂ ಹೀಗೆಯೇ. ಹಳೆಯ ಕಾಲದ ರಾಟೆಯಲ್ಲಿ ಎಸೆದಾಗ ಉರುಳೆಯೇ ತಿರುಗಿ ದಾರವನ್ನು ಬಿಡುತ್ತಿತ್ತು, ಬಾವಿಯ ಗಡಗಡೆಯ ಹಾಗೆ. ಹುಸಿಮೀನು ಹಗುರವಾಗಿದ್ದರೆ ಉರುಳೆಯನ್ನು ತಿರುಗಿಸುವಷ್ಟು ಕಸುವು ಅದಕ್ಕಿರುತ್ತಿರಲಿಲ್ಲ. ಉರುಳೆ ಹೆಚ್ಚು ವೇಗವಾಗಿ ತಿರುಗಿಬಿಟ್ಟರೆ ದಾರ ಗೋಜಲಾಗುತ್ತಿತ್ತು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಉಣ್ಣೆಯ ಗಿರಣಿಗಳ ಊರು. ಅಲ್ಲಿನ ಆಲ್ಫ್ರೆಡ್ ಇಲಿಂಗ್‌ವರ್ತ್ ಎಂಬವರು 1905ರಲ್ಲಿ ಬೇರೊಂದು ಬಗೆಯ ರಾಟೆಗೆ ಪೇಟೆಂಟು ಪಡೆದರು. ಅದರಲ್ಲಿ ಉರುಳೆ ತಿರುಗುವುದೇ ಇಲ್ಲ. ಅದು ಕೋಲಿನ ತುದಿಗೆ ಮುಖಮಾಡಿ ಸ್ಥಿರವಾಗಿ ಕುಳಿತಿರುತ್ತದೆ; ಎಸೆದಾಗ ದಾರ ಅದರ ಅಂಚಿನ ಮೇಲಿನಿಂದ ಸುರುಳಿಯಾಗಿ ಕಳಚಿ ಓಡುತ್ತದೆ. ಗಿರಣಿಯಲ್ಲಿ ನೂಲಿನ ಕದಿರಿನಿಂದ ನೂಲು ಜಾರಿ ಬರುವುದನ್ನು ಕಂಡೇ ಅವರಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಇಂದು ಸ್ಪಿನ್ನಿಂಗ್ ರೀಲ್ ಎಂದು ಅಂಗಡಿಗಳಲ್ಲಿ ಮಾರುವುದೆಲ್ಲ ಇದರ ಸಂತತಿಯೇ. ನೂಲುವವರಿಗೂ ಹೊಲಿಯುವವರಿಗೂ ಗೊತ್ತಿದ್ದ ಗುಟ್ಟನ್ನು ಗಾಳ ಹಾಕುವವನು ಅವರಿಂದ ಕಲಿತ. ನಾನೂ ನನ್ನ ಮನೆಯಲ್ಲಿ ಹಾಗೆಯೇ ಕಲಿತೆ.

ಮಾವನ ರಾಟೆಯ ಉರುಳೆಯಲ್ಲಿ ದಾರ ಅಂಚಿಗಿಂತ ಅರ್ಧ ಸೆಂಟಿಮೀಟರಿಗೂ ಹೆಚ್ಚು ತಗ್ಗಿನಲ್ಲಿತ್ತು. ಇರಬೇಕಾದದ್ದು ಅಂಚಿನಿಂದ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಕೆಳಗೆ. ಈ ಕೂದಲೆಳೆಯ ಅಂತರ ಏನು ಮಹಾ ಎನ್ನಬೇಡಿ. ಲೆಕ್ಕ ಹಾಕಿ ನೋಡೋಣ. ತುಂಬಿದ ಉರುಳೆಯ ವ್ಯಾಸ ನಾಲ್ಕೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 14 ಸೆಂಟಿಮೀಟರ್ ದಾರ ಹೊರಬರುತ್ತದೆ. ಬರಿದಾಗಿ ಮೂರೂವರೆ ಸೆಂಟಿಮೀಟರಿಗೆ ಇಳಿದರೆ 11 ಸೆಂಟಿಮೀಟರ್. ನಲವತ್ತು ಮೀಟರ್ ದೂರಕ್ಕೆ ತುಂಬಿದ ಉರುಳೆಯಿಂದ ಸುಮಾರು 280 ಸುತ್ತುಗಳು ಕಳಚಿದರೆ ಸಾಕು. ಬರಿದಾದದ್ದರಿಂದ 360 ಸುತ್ತುಗಳಿಗೂ ಹೆಚ್ಚು ಬೇಕು. ಪ್ರತಿಯೊಂದು ಸುತ್ತೂ ಹತ್ತಿ, ಅಂಚಿಗೆ ತೀಡಿ, ಇಳಿಯಬೇಕು. ದಾರ ಹೊರಟಂತೆಲ್ಲ ತಗ್ಗು ಇನ್ನಷ್ಟು ಆಳವಾಗುತ್ತದೆ. ಹೀಗಿರುವಾಗ ಹದಿನೈದು ಗ್ರಾಮಿನ ತಗಡಿನ ಚಮಚ ಎಷ್ಟು ದೂರ ಹಾರೀತು?

ಅಂಚಿನವರೆಗೂ ತುಂಬಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ಆಗ ಹಲವು ಸುರುಳಿಗಳು ಒಟ್ಟಿಗೆ ಜಾರಿ ಕಗ್ಗಂಟಾಗುತ್ತವೆ. ನಾನು ಮೊದಲ ಸಲ ಹಾಗೆಯೇ ತುಂಬಿ, ಒಂದು ಸಂಜೆಯನ್ನೆಲ್ಲ ಗಂಟು ಬಿಡಿಸುವುದರಲ್ಲಿ ಕಳೆದೆ.

ಉರುಳೆ ಬರಿದಾದುದು ಹೇಗೆ? ಕೆರೆಯೊಳಗಿನ ಜಾಲಿಯ ಬೇರಿಗೆ ಮುಳ್ಳು ಸಿಕ್ಕಿಕೊಂಡಾಗಲೆಲ್ಲ ದಾರ ಹರಿಯುತ್ತದೆ. ಒಂದು ಸಲ ಐದು ಗಜ, ಇನ್ನೊಂದು ಸಲ ಹತ್ತು ಗಜ. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಎರಡು ಮೂರು ವರ್ಷದಲ್ಲಿ ಉರುಳೆ ಸದ್ದಿಲ್ಲದೆ ಸೊರಗುತ್ತದೆ, ಎಸೆತವೂ ಸದ್ದಿಲ್ಲದೆ ಕುಗ್ಗುತ್ತದೆ. ಮುಪ್ಪು ಬರುವುದೂ ಹೀಗೆಯೇ, ಸದ್ದಿಲ್ಲದೆ. ಎರಡೂ ಒಂದೇ ಕಾಲಕ್ಕೆ ನಡೆದದ್ದರಿಂದ ಮಾವ ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೊರಿಸಿದರು.

ಒಂದು ತಪ್ಪಿನ ಹಿಂದೆ ಇನ್ನೊಂದು

ದಾರದಲ್ಲಿ ಬೇರೊಂದು ದೋಷವೂ ಇತ್ತು. ಅದು ಬಹಳ ದಪ್ಪ. ನಗರವೊಂದರ ಅಂಗಡಿಯಲ್ಲಿ, “ಗಟ್ಟಿ ದಾರ ಯಜಮಾನರೇ, ಆನೆ ಎಳೆದರೂ ಹರಿಯುವುದಿಲ್ಲ” ಎಂದು ಹೇಳಿ 0.45 ಮಿಲಿಮೀಟರಿನ ನೈಲಾನನ್ನು ಮಾವನಿಗೆ ಕಟ್ಟಿಕೊಟ್ಟಿದ್ದರು. ಆನೆಯನ್ನು ಹಿಡಿಯುವ ಉದ್ದೇಶ ಮಾವನಿಗಿರಲಿಲ್ಲ. ಈ ದಪ್ಪ ದಾರದ ಮೋಹ ಬಹುಶಃ ಮಹಸೀರಿನ ಕಾಲದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಮಹಸೀರನ್ನು ಹಿಡಿದರು. ಅಂಥ ಮೀನಿಗೆ ಅಂಥ ದಾರ ಬೇಕು. ಇಂದು ಕಾವೇರಿಯ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿಗೆ ಬಂದು, 2018ರಲ್ಲಿ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ನಮ್ಮ ಕೆರೆಯ ಒಂದೆರಡು ಕಿಲೋದ ಕೊರವನಿಗೂ ಬಾಳೆಮೀನಿಗೂ ನಾಲ್ಕೈದು ಕಿಲೋ ಭಾರ ತಡೆಯುವ 0.25 ಮಿಲಿಮೀಟರಿನ ನೈಲಾನು ಧಾರಾಳವಾಗಿ ಸಾಕು. ದಪ್ಪ ದಾರ ಉಂಗುರಗಳಲ್ಲಿ ಹೆಚ್ಚು ತೀಡುತ್ತದೆ, ಗಾಳಿಯಲ್ಲಿ ಹೆಚ್ಚು ಬಾಗುತ್ತದೆ, ಬಹುಕಾಲ ಸುತ್ತಿಟ್ಟರೆ ಸುರುಳಿಯ ಆಕಾರವನ್ನೇ ನೆನಪಿಟ್ಟುಕೊಂಡು ತಂತಿಯ ಬುಗುರಿಯಂತೆ ಹೊರಬರುತ್ತದೆ. ಹೆಣೆದ ದಾರವೆಂದು ಈಗ ಬಂದಿರುವುದು ಅದೇ ಬಲಕ್ಕೆ ಇನ್ನೂ ತೆಳು, ಬೆಲೆ ಹೆಚ್ಚು. ಮಾವ ಅದನ್ನು ಒಪ್ಪಲಾರರೆಂದು ನಾನು ನೈಲಾನನ್ನೇ ತಂದೆ. ತೆಳುದಾರದಿಂದ ಉರುಳೆ ತುಂಬಲು ನೂರಾರು ಗಜ ಬೇಕಾದೀತೆಂದು ಹೆದರಬೇಕಿಲ್ಲ. ಹಳೆಯ ದಾರವನ್ನೇ ಅಡಿಯಲ್ಲಿ ಸುತ್ತಿ, ಅದಕ್ಕೆ ಹೊಸದನ್ನು ಗಂಟುಹಾಕಿ ಮೇಲೆ ಸುತ್ತಿದರಾಯಿತು.

ಮರುದಿನ ಮತ್ತೆ ಅಜ್ಜಂಪುರ. ಮೊದಲ ಎಸೆತವೇ ಮೂವತ್ತೆಂಟು ಹೆಜ್ಜೆ! ಬದುವಿನ ರೈತರು ಇಂದೂ ನಿಂತಿದ್ದರು. “ಇವತ್ತು ಮೀನು ದೂರ ಹೋಗಿದೆ ಮೇಷ್ಟ್ರೇ” ಎಂದರು.

ಆದರೆ ಮಾವನದು ಐವತ್ತು. ಉಳಿದ ಹನ್ನೆರಡು ಹೆಜ್ಜೆ ಎಲ್ಲಿ? ಕೋಲಿನ ಉಂಗುರಗಳನ್ನು ಪರೀಕ್ಷಿಸಿದೆ. ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಇದ್ದವು. ಇಂಥಲ್ಲಿ ಕಣ್ಣನ್ನು ನಂಬಬಾರದು. ಒಂದು ಚೂರು ಹತ್ತಿಯನ್ನು ಪ್ರತಿ ಉಂಗುರದೊಳಗೂ ಆಡಿಸಬೇಕು. ಬಿರುಕಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತುದಿಯ ಉಂಗುರದಲ್ಲಿ ಸಿಕ್ಕಿಕೊಂಡಿತು. ಎಲ್ಲಿಯೋ ರೈಲಿನ ಬಾಗಿಲಿಗೆ ತಗಲಿ ಕೂದಲಿನಷ್ಟು ಸೀಳು ಬಿದ್ದಿರಬೇಕು. ಪ್ರತಿ ಎಸೆತದಲ್ಲಿಯೂ ಅದು ದಾರವನ್ನು ಹಿಡಿದು ಹೆರೆಯುತ್ತಿತ್ತು. ದಾರ ಪದೇಪದೇ ಹರಿಯುತ್ತಿದ್ದುದಕ್ಕೂ ಇದೇ ಕಾರಣವಿದ್ದೀತು. ತುದಿಯನ್ನು ಸ್ವಲ್ಪ ಬಿಸಿಮಾಡಿ, ಹಳೆಯ ಉಂಗುರವನ್ನು ಎಳೆದುತೆಗೆದು, ಹೊಸದನ್ನು ಅಂಟಿನಿಂದ ಕೂರಿಸುವುದು ಹತ್ತು ನಿಮಿಷದ ಕೆಲಸ. ಹೊಸದು ಉಳಿದ ಉಂಗುರಗಳ ನೇರಕ್ಕೇ ಇರುವಂತೆ ಒಂದು ಕಣ್ಣು ಮುಚ್ಚಿ ನೋಡಿಕೊಂಡರೆ ಸಾಕು.

ನನಗೆ ಅತ್ಯಂತ ಆಶ್ಚರ್ಯವನ್ನುಂಟುಮಾಡಿದ್ದು ಮಾತ್ರ ಮೂರನೆಯ ಕಾರಣ. ಮಾವನ ಡಬ್ಬಿಯಲ್ಲಿ ಹದಿನೈದು ಗ್ರಾಮಿನ ಹಳೆಯ ಚಮಚಗಳೆಲ್ಲ ಅಡಿಯಲ್ಲಿದ್ದವು. ಮೇಲೆ ಹೊಳೆಯುತ್ತಿದ್ದುದು ಐದು ಗ್ರಾಮಿನ ಪುಟ್ಟ ಹೊಸ ತಗಡುಗಳು. ರಟ್ಟೆ ಸೋತಿತೆಂದು ತಿಳಿದ ಮಾವ, ಹಗುರವಾದುದಾದರೆ ಎಸೆಯುವುದು ಸುಲಭವೆಂದು ಇವನ್ನು ಕೊಂಡಿದ್ದರು. ಅಯ್ಯನಕೆರೆಯಲ್ಲಿ ಅಂದು ಕಟ್ಟಿದ್ದುದೂ ಇಂಥದೊಂದನ್ನೇ. ನಿಜಸಂಗತಿ ಇದಕ್ಕೆ ತಿರುಗುಮುರುಗು. ಮೀನಿನ ಚಮಚವನ್ನು ದೂರಕ್ಕೆ ಒಯ್ಯುವುದು ಕೈಯಲ್ಲ, ಬಾಗಿದ ಕೋಲು. ಬಿಲ್ಲಿನ ಹಾಗೆ ಅದು ಬಾಗಬೇಕು, ನೆಟ್ಟಗಾಗುತ್ತ ಚಿಮ್ಮಬೇಕು. ತುದಿಯಲ್ಲಿ ತಕ್ಕ ತೂಕವಿಲ್ಲದಿದ್ದರೆ ಕೋಲು ಬಾಗುವುದೇ ಇಲ್ಲ. ಬೀಸಿದವನ ಬಲವೆಲ್ಲ ಗಾಳಿಗೆ ಹೋಗುತ್ತದೆ. ಕೋಲಿನ ಬುಡದ ಮೇಲೆ 10ರಿಂದ 30 ಗ್ರಾಂ ಎಂದು ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಬಹುತೇಕ ಕೋಲುಗಳ ಮೇಲೆ ಹೀಗೆ ಬರೆದಿರುತ್ತದೆ. ಔಷಧದ ಸೀಸೆಯ ಮೇಲಿನ ಬರಹದಂತೆ ಯಾರೂ ಓದುವುದಿಲ್ಲ. ಕೆಳಗಿನ ಮಿತಿಗಿಂತ ಸ್ವಲ್ಪ ಹೆಚ್ಚಿನ ತೂಕವನ್ನು ಕಟ್ಟಿದರೆ ಕೋಲು ಸಂತೋಷದಿಂದ ದುಡಿಯುತ್ತದೆ.

ಹೀಗೆ ಒಂದು ತಪ್ಪು ಇನ್ನೊಂದನ್ನು ಹೆತ್ತಿತ್ತು. ದಾರ ತಗ್ಗಿದ್ದರಿಂದ ಎಸೆತ ಕುಗ್ಗಿತು. ಕುಗ್ಗಿದ್ದರಿಂದ ರಟ್ಟೆಯ ಮೇಲೆ ಸಂಶಯ. ಸಂಶಯದಿಂದ ಹಗುರವಾದ ತಗಡು. ಅದರಿಂದ ಎಸೆತ ಇನ್ನೂ ಕುಗ್ಗಿತು. ಕೊನೆಗೆ ಮಾವ ಹಲ್ಲುಕಚ್ಚಿ ಬಲ ಹಾಕಿದರು. ಬಲ ಹಾಕಿ ಎಳೆದಾಗ ದಾರವನ್ನು ಬೆರಳಿನಿಂದ ಬಿಡುವ ಗಳಿಗೆ ತಪ್ಪುತ್ತದೆ. ತೋರುಬೆರಳು ಬೇಗ ಬಿಟ್ಟರೆ ಚಮಚ ಆಕಾಶಕ್ಕೇರಿ ಹತ್ತಿರದಲ್ಲಿಯೇ ಬೀಳುತ್ತದೆ. ತಡವಾಗಿ ಬಿಟ್ಟರೆ ಕಾಲಬುಡದಲ್ಲಿ ನೀರಿಗೆ ಬಡಿಯುತ್ತದೆ. ಕೋಲು ತಲೆಯನ್ನು ದಾಟಿ ಮುಂದಕ್ಕೆ ಓರೆಯಾಗಿ ಬರುವ ಆ ಒಂದು ಗಳಿಗೆ ಮಾತ್ರ ಸರಿಯಾದದ್ದು. ಎದುರುಗಾಳಿಯಿದ್ದರೆ ಇನ್ನೂ ಸ್ವಲ್ಪ ತಡೆದು, ತಗ್ಗಿನಲ್ಲಿ ಹಾರುವಂತೆ ಬಿಡಬೇಕು. ಇದನ್ನು ಬರೆದು ಕಲಿಸಲಾಗದು. ಛಂದಸ್ಸಿನಲ್ಲಿ ಯತಿಯ ಸ್ಥಾನವನ್ನು ಎಷ್ಟು ಸಲ ಹೇಳಿಕೊಟ್ಟರೂ ಕಿವಿಗೆ ಬೀಳುವ ತನಕ ವಿದ್ಯಾರ್ಥಿಗೆ ಹಿಡಿತ ಸಿಕ್ಕುವುದಿಲ್ಲವಷ್ಟೆ, ಇದೂ ಹಾಗೆಯೇ.

ಎಸೆಯುವ ಮೊದಲು ಕೋಲಿನ ತುದಿಯಿಂದ ಚಮಚ ಎಷ್ಟು ಇಳಿದಿರಬೇಕೆಂಬುದೂ ಮುಖ್ಯ. ತುದಿಗೆ ಅಂಟಿಕೊಂಡಂತಿದ್ದರೆ ಕೋಲು ಬಾಗಲಾರದು. ಒಂದು ಒಂದೂವರೆ ಅಡಿ ಇಳಿಬಿಟ್ಟರೆ ಕವಣೆಯಂತೆ ತೂಗಿ ಬಲ ಕೊಡುತ್ತದೆ. ಇದನ್ನು ಸರಿಪಡಿಸಿಕೊಂಡದ್ದರಿಂದಲೇ ನನಗೆ ಆರು ಹೆಜ್ಜೆ ಸಿಕ್ಕಿತು.

ಮತ್ತೆ ಕೆರೆಯ ದಂಡೆಗೆ

ಎರಡು ವಾರದ ಮೇಲೆ ಕೋಲನ್ನು ಹಿಡಿದು ತರೀಕೆರೆಗೆ ಹೋದೆ. ನೇರವಾಗಿ ಹೇಳಿದರೆ ಮಾವ ನಂಬುವವರಲ್ಲ. ಸಮಾಧಾನಪಡಿಸಲು ಹೇಳುತ್ತಿದ್ದಾನೆಂದು ತಿಳಿದು ಇನ್ನಷ್ಟು ನೊಂದುಕೊಳ್ಳುವರು. “ಮಾವ, ನನಗೆ ಎಸೆಯುವುದು ಸರಿಯಾಗಿ ಬರುತ್ತಿಲ್ಲ. ಒಂದು ಸಲ ತೋರಿಸಿಕೊಡಿ” ಎಂದೆ. ಇದು ಪೂರ್ತಿ ಸುಳ್ಳೂ ಅಲ್ಲ.

ಅವರು ಲಕ್ಕವಳ್ಳಿಗೆ ಹೋಗೋಣವೆನ್ನಬಹುದೆಂದು ನನಗೆ ಸಣ್ಣ ಭಯವಿತ್ತು. ಭದ್ರಾ ಜಲಾಶಯದ ಹಿನ್ನೀರಿನ ದಂಡೆ ಅಭಯಾರಣ್ಯಕ್ಕೆ ಸೇರಿದ್ದು. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಗಿದೆ. ಅಲ್ಲಿ ಗಾಳ ಹಾಕುವಂತಿಲ್ಲ. ಊರ ಕೆರೆಗಳಲ್ಲಿಯೂ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವುದುಂಟು. ಗುತ್ತಿಗೆದಾರರನ್ನು ಕೇಳಿಯೇ ಕೋಲು ಬಿಚ್ಚುವುದು ಮರ್ಯಾದೆ. ಮಾವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. “ಅಯ್ಯನಕೆರೆಗೇ ನಡಿ. ಅಲ್ಲಿನವರು ಪರಿಚಯದವರು” ಎಂದರು. ಸೋತ ಕಡೆಗೇ ಹೋಗಬೇಕೆಂಬುದು ಅವರ ಸ್ವಭಾವ.

ಹೊರಡುವಾಗ ಅತ್ತೆ ಹುಣಿಸೆಹಣ್ಣು ನೆನೆಹಾಕಿದರು. ಮಾವ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಕೆರೆಯ ದಂಡೆಯಲ್ಲಿ ಮೊದಲ ಎಸೆತವನ್ನು ಅವರು ಮನಸ್ಸಿಲ್ಲದೆಯೇ ಬೀಸಿದರು, ನನಗೆ ಕ್ರಮ ತೋರಿಸುವ ಸಲುವಾಗಿ. ಬಲವೇನೂ ಹಾಕಲಿಲ್ಲ. ರಾಟೆಯಿಂದ ದಾರ ‘ಸುಂಯ್’ ಎಂದು ಹೊರಟಿತು. ಚಮಚ ಹಾರಿತು, ಹಾರುತ್ತಲೇ ಇತ್ತು. ಅದು ಬಿದ್ದಲ್ಲಿ ಎದ್ದ ಅಲೆ ನಮ್ಮ ಕಾಲಿನವರೆಗೆ ಬರುವ ತನಕ ಮಾವ ಮಾತನಾಡಲಿಲ್ಲ. ಆಮೇಲೆ ದಾರವನ್ನು ಸುತ್ತಿಕೊಂಡು, ರಾಟೆಯನ್ನು ಕಣ್ಣಿನ ಹತ್ತಿರ ತಂದು, ಉರುಳೆಯನ್ನು ಹೆಬ್ಬೆರಳಿನಿಂದ ಸವರಿದರು.

“ದಾರ ಬದಲಾಯಿಸಿದ್ದೀಯ.”

“ಹೌದು.”

“ತುದಿಯ ಉಂಗುರವನ್ನೂ.”

“ಹೌದು ಮಾವ. ಅದು ಬಿರಿದಿತ್ತು. ಆ ಕೋಲಿನಲ್ಲಿ ನಾನು ಎಸೆದರೂ ಇಪ್ಪತ್ತನಾಲ್ಕು ಹೆಜ್ಜೆ ದಾಟಲಿಲ್ಲ” ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಾವ ಕೇಳಿಕೊಂಡರು. ಐದು ಗ್ರಾಮಿನ ತಗಡಿನ ಮಾತು ಬಂದಾಗ ಮಾತ್ರ ಮುಖ ತಿರುಗಿಸಿ ಕೆರೆಯ ಕಡೆ ನೋಡಿದರು. “ಅದನ್ನು ನಾನು ಯೋಚಿಸಬೇಕಾಗಿತ್ತು” ಎಂದರು.

ರಟ್ಟೆಯದು ಏನೂ ತಪ್ಪಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಹತ್ತಾರು ಎಸೆತಗಳ ಮೇಲೆ ಮಾವ ಭುಜವನ್ನು ಒತ್ತಿಕೊಂಡರು. ಎಪ್ಪತ್ತೊಂದು ಎಪ್ಪತ್ತೊಂದೇ. ಆದರೆ ಅದಕ್ಕೂ ಉಪಾಯವುಂಟು. ಒಂದೇ ಕೈಯಲ್ಲಿ ಬೀಸುವುದನ್ನು ಬಿಟ್ಟು, ಎಡಗೈಯಿಂದ ಕೋಲಿನ ಬುಡವನ್ನು ಎದೆಯ ಕಡೆಗೆ ಸೆಳೆಯುತ್ತ ಬಲಗೈಯಿಂದ ಮೇಲ್ಭಾಗವನ್ನು ಮುಂದಕ್ಕೆ ತಳ್ಳಿದರೆ ಭುಜದ ಶ್ರಮ ಬಹಳ ಕಡಮೆಯಾಗುತ್ತದೆ. ಇದನ್ನು ನಾನು ಹೇಳಿಕೊಡಲು ಹಿಂಜರಿದೆ. ಹೇಳಿದಾಗ ಅವರು, “ನನಗೇ ಪಾಠವೋ?” ಎಂದು ಗದರಿದರು. ನಾನು ನೀರು ಕುಡಿಯಲು ಆಚೆ ಹೋದಾಗ ಎರಡು ಕೈಯಿಂದ ಎಸೆದು ನೋಡುತ್ತಿದ್ದರು.

ಎಮ್ಮೆಯ ಹುಡುಗ ಅಂದು ಕಾಣಲಿಲ್ಲ. ಮಾವ ಎರಡು ಮೂರು ಸಲ ಏರಿಯ ಕಡೆ ತಿರುಗಿ ನೋಡಿದರು.

ಮೀನು ಸಿಕ್ಕಲಿಲ್ಲ. ಬಾಳೆಮೀನು ಒಮ್ಮೆ ಚಮಚದ ಹಿಂದೆಯೇ ಬಂದು, ದಡದ ಹತ್ತಿರ ನಮ್ಮ ನೆರಳನ್ನು ಕಂಡು ತಿರುಗಿಹೋಯಿತು. ಅತ್ತೆಯ ಹುಣಿಸೆಹಣ್ಣು ಅಂದು ರಾತ್ರಿ ತಿಳಿಸಾರಿಗೇ ಸಂದಿತು. ಊಟದ ಮೇಲೆ ಅತ್ತೆ ಮೀನಿನ ಹುಚ್ಚನ್ನು ಕುರಿತು ಮಾತನಾಡಲು ಪ್ರಾರಂಭಿಸಿ, ಅರ್ಧ ಗಂಟೆಯ ತನಕ ನಿಲ್ಲಿಸಲಿಲ್ಲ.

ಮರುದಿನ ಬೆಳಗ್ಗೆ ನಾನು ಕಡೂರಿಗೆ ಹೊರಟು ಜಗಲಿಗೆ ಬಂದಾಗ ಕೋಲು ಗೋಡೆಯ ಗೂಟದಲ್ಲಿ ತನ್ನ ಹಳೆಯ ಜಾಗದಲ್ಲಿ ತೂಗುತ್ತಿತ್ತು.

“ಅದನ್ನು ನನಗೆ ಕೊಟ್ಟಿದ್ದಿರಲ್ಲ, ಮಾವ?” ಎಂದೆ.

ಮಾವ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

“ಇಟ್ಟುಕೊಂಡಿರು ಎಂದಿದ್ದೆ. ಕೊಟ್ಟೆ ಎಂದು ಎಲ್ಲಿ ಹೇಳಿದೆ? ಕನ್ನಡದಲ್ಲಿ ಎಂ.ಎ. ಮಾಡಿದವನು ನೀನು!”